ಬೆಳಗ್ಗೆ ಮಡಚಲಾಗದ ಬೆರಳು

ಮಾನ್ಯ ಕೇಳುಗರೇ, ನಮಸ್ಕಾರ.

ಮಂಗಳೂರಿನ ಆಸುಪಾಸಿನಲ್ಲಿ ಬೀಡಿ ಕಟ್ಟುವ ಹೆಂಗಸರು ಬೆರಳು ನೋವನ್ನು ಕೆಲಸದ ನೋವೆಂದೇ ತಿಳಿಯುತ್ತಾರೆ. ಹಲವು ಸಲ ಅದು ನಿಜವೂ ಹೌದು. ಆದರೆ ದುಡಿಮೆಯ ನೋವು ಸಾಮಾನ್ಯವಾಗಿ ಸಂಜೆಗೆ ಹೆಚ್ಚಿ, ವಿಶ್ರಾಂತಿಯಿಂದ ತಗ್ಗುತ್ತದೆ. ಬೆಳಗ್ಗೆ ಎದ್ದಾಗಲೇ ಎರಡೂ ಕೈಗಳ ಬೆರಳ ಬುಡದ ಗಂಟುಗಳು ಊದಿಕೊಂಡು, ಎಲೆ ಕತ್ತರಿಸುವ ಕತ್ತರಿಯನ್ನೂ ಹಿಡಿಯಲಾಗದಷ್ಟು ಬಿಗಿದು, ಕೈಯಾಡಿಸುತ್ತ ಒಂದು ಗಂಟೆ ಕಳೆದ ಮೇಲಷ್ಟೇ ಸಡಿಲವಾಗುತ್ತಿದ್ದರೆ, ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಚಿಕುನ್‌ಗುನ್ಯದ ಗಂಟುನೋವೂ ಹೀಗೆಯೇ ತೋರುವುದುಂಟು. ಆದ್ದರಿಂದ ರಕ್ತಪರೀಕ್ಷೆ ಬೇಕು.

ಈ ಸಂಧಿವಾತದಲ್ಲಿ ಕೀಲಿನ ಒಳಪೊರೆಯ ಮೇಲೆ ಎರಗುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ತನ್ನದು ಯಾವುದು, ಪರರದು ಯಾವುದು ಎಂಬುದನ್ನು ಆ ವ್ಯವಸ್ಥೆ ಕಲಿಯಬೇಕಾಗುತ್ತದೆ. ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬೆಳೆಯುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಪೈಕಿ, ದೇಹದ ಸ್ವಂತ ಪ್ರೋಟೀನುಗಳಿಗೆ ಬಲವಾಗಿ ಅಂಟಿಕೊಳ್ಳುವವು ಬಹುತೇಕ ಅಲ್ಲಿಯೇ ನಾಶವಾಗುತ್ತವೆ. ತಪ್ಪಿಸಿಕೊಂಡು ಹೊರಬಂದವನ್ನು ನಿಯಂತ್ರಕ ಟಿ ಕೋಶಗಳು ಅಂಕೆಯಲ್ಲಿಡುತ್ತವೆ. ಈ ಕಾವಲು ಕೋಶಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಶಿಮೊನ್ ಸಕಗುಚಿ ಅವರಿಗೆ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ, 2025ರ ನೊಬೆಲ್ ಪ್ರಶಸ್ತಿ ಸಂದಿದೆ. ಅಂಕೆ ಏಕೆ ತಪ್ಪುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ವಂಶವಾಹಿಗಳ ಪಾಲಿದೆ, ಕೆಲವು ಸೋಂಕುಗಳ ಪಾಲಿದೆ. ಧೂಮಪಾನ ಈ ಸಂಧಿವಾತದ ಅಪಾಯವನ್ನು ಹೆಚ್ಚಿಸುತ್ತದೆ, ಹಾಗಾಗಿ ಕಟ್ಟಿದ ಬೀಡಿಯನ್ನು ಸೇದುವವರೂ ಈ ಮಾತು ಕೇಳಬೇಕು. ಗಂಡಸರಿಗಿಂತ ಹೆಂಗಸರಲ್ಲಿ ಈ ಕಾಯಿಲೆ ಎರಡು ಮೂರು ಪಟ್ಟು ಹೆಚ್ಚು.

ತೊನ್ನು ಕೂಡ ಇದೇ ಬಗೆಯದು. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತು ನಮ್ಮ ಕರಾವಳಿಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಟಿ ಕೋಶಗಳು ಕೊಂದದ್ದಕ್ಕೆ ಬಡಪಾಯಿ ಬಂಗುಡೆಯನ್ನು ದೂರಿ ಫಲವಿಲ್ಲ. ತೊನ್ನು ಮುಟ್ಟಿದರೆ ಅಂಟುವುದೂ ಇಲ್ಲ.

ಸಂಧಿವಾತಕ್ಕೆ ಬೇಗ ಚಿಕಿತ್ಸೆ ಆರಂಭಿಸಿದರೆ ಗಂಟುಗಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಊತ ತಗ್ಗಿಸಲೆಂದು ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನದ್ದು. ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಕುತ್ತಾಗುತ್ತದೆ. ಔಷಧದ ಚೀಟಿಯಲ್ಲಿ ಆ ದಿನದ ಹೆಸರನ್ನೇ, ಸೋಮವಾರವೋ ಶುಕ್ರವಾರವೋ, ಕನ್ನಡದಲ್ಲಿ ಬರೆಸಿಕೊಳ್ಳಿ.

ನಮಸ್ಕಾರ.