ಆಕಾಶ ತಿರುಗಿಸುವ ಪುಸ್ತಕ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡಬೇಕಾಗಿರುವುದು ಕೈಯಲ್ಲಿ ಹಿಡಿದು ನೋಡಬೇಕಾದ ಒಂದು ಪುಸ್ತಕದ ಬಗ್ಗೆ. ರೇಡಿಯೋದಲ್ಲಿ ಅದನ್ನು ಹೇಗೆ ತೋರಿಸಲಿ? ಅದಕ್ಕೆ ಒಂದು ಉಪಕಾರ ಮಾಡಿ. ಅಡುಗೆಮನೆಯಿಂದ ಒಂದು ಊಟದ ತಟ್ಟೆ, ಅದರೊಳಗೆ ಕೂರುವಂಥ ಇನ್ನೊಂದು ಚಿಕ್ಕ ತಟ್ಟೆ ತಂದಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ಎಲ್ಲ ಶುರುವಾಗಿದ್ದು ಚಳ್ಳಕೆರೆ ಕಡೆಯ ನಮ್ಮ ಅಕ್ಕನ ಊರಿನಲ್ಲಿ. ಫೆಬ್ರವರಿ ತಿಂಗಳು, ರಾತ್ರಿ 9 ಗಂಟೆ, ಕರೆಂಟು ಹೋಗಿತ್ತು. ಮಾಳಿಗೆ ಮೇಲೆ ಹತ್ತಿದರೆ ಬೆಂಗಳೂರಿನಲ್ಲಿ ಜನ್ಮದಲ್ಲಿ ಕಾಣದಷ್ಟು ನಕ್ಷತ್ರ. ಅಕ್ಕನ ಮಕ್ಕಳಿಬ್ಬರಿಗೂ ತೋರಿಸೋಣ ಅಂತ ಫೋನಿನಲ್ಲಿ ಆಕಾಶ ನೋಡುವ ಆಪ್ ತೆರೆದುಕೊಟ್ಟೆ. ನಿಮಗೂ ಗೊತ್ತಿರಬಹುದು, ಫೋನನ್ನು ಯಾವ ಕಡೆ ಹಿಡಿದರೆ ಆ ಕಡೆಯ ನಕ್ಷತ್ರಗಳ ಹೆಸರು ಬರುತ್ತದೆ. ಚಿಕ್ಕವಳು ಒಂದೆರಡು ನಿಮಿಷ ಮೇಲೆ ಹಿಡಿದಳು, ಆಮೇಲೆ ಸುಮ್ನೆ ನೆಲದ ಕಡೆ ತಿರುಗಿಸಿದಳು. ಆಪ್‌ಗೆ ನೆಲ ಅಡ್ಡ ಬರುವುದಿಲ್ಲವಲ್ಲ, ಭೂಮಿಯ ಆಚೆ ಇರುವುದನ್ನೂ ತೋರಿಸುತ್ತದೆ. ಅವಳು ಕೂಗಿದಳು: "ಮಾಮ, ಚೇಳು! ಅಡುಗೆಮನೆಯಲ್ಲಿ ಚೇಳು!" ಕೆಳಗಿದ್ದ ಅಕ್ಕ ಪೊರಕೆ ಹಿಡಿದುಕೊಂಡು ಓಡಾಡಿದ್ದೇ ಬಂತು. ಅವಳಿಗೆ ಸಿಕ್ಕಿದ್ದು ವೃಶ್ಚಿಕ ರಾಶಿ. ಆ ಹೊತ್ತಿಗೆ ಅದು ನಿಜವಾಗಿಯೂ ನಮ್ಮ ಕಾಲ ಕೆಳಗೇ ಇತ್ತು.

ನಕ್ಕೆವು, ಸರಿ. ಆದರೆ ನನಗೆ ಕಸಿವಿಸಿ ಆಗಿದ್ದು ಬೇರೆ ವಿಷಯಕ್ಕೆ. ಅರ್ಧ ಗಂಟೆಯಲ್ಲಿ ಆ ಮಕ್ಕಳು ಆಕಾಶ ನೋಡಿದ್ದು ಎರಡು ನಿಮಿಷ ಇರಬಹುದು. ಮಿಕ್ಕಿದ್ದೆಲ್ಲ ಫೋನು. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವುದಕ್ಕೆ 20-30 ನಿಮಿಷ ಬೇಕು, ಒಂದು ಸಲ ಫೋನಿನ ಬೆಳಕು ನೋಡಿದರೆ ಅಷ್ಟೂ ನೀರಲ್ಲಿ ಹೋಮ. ಇನ್ನು ಫೋನಿನ ದಿಕ್ಸೂಚಿಯೋ, ಪಕ್ಕದಲ್ಲಿ ಕಬ್ಬಿಣದ ನೀರಿನ ಟ್ಯಾಂಕು ಇದ್ದದ್ದರಿಂದ ಉತ್ತರವನ್ನು ಎಲ್ಲೆಲ್ಲೋ ತೋರಿಸುತ್ತಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ತೀರ್ಮಾನ ಮಾಡಿದೆ, ಈ ಆಪನ್ನು ಪುಸ್ತಕ ಮಾಡಬೇಕು. ಕಾಗದದ್ದು. ಕೈಯಲ್ಲೇ ಮಾಡಿದ್ದು.

ಮೊದಲು ಮಾಡಿದ್ದು ಶುದ್ಧ ದಡ್ಡತನ. ಆಪಿನ ಒಂದೊಂದು ಪರದೆಯನ್ನೂ ನೋಡಿಕೊಂಡು ಒಂದೊಂದು ಪುಟ ಮಾಡಿದೆ. ತಿಂಗಳಿಗೆ ಎರಡು ಆಕಾಶ, ಒಟ್ಟು 24 ಪುಟ, ಅಂದವಾಗಿಯೇ ಇತ್ತು. ಮದುವೆ ಆಲ್ಬಮ್ ಥರ. ನೋಡಿ ಮುಚ್ಚಿಡುವುದು, ಅಷ್ಟೇ. ಕೈಗೆ ಏನೂ ಕೆಲಸವಿಲ್ಲ.

ಆಗ ಕೂತು ಬೇರೆ ಪಟ್ಟಿ ಮಾಡಿದೆ. ಆಪ್ ಏನು ತೋರಿಸುತ್ತದೆ ಅನ್ನುವುದಲ್ಲ, ನಮಗೆ ಹೇಳದೆ ಏನೇನು ಮಾಡಿಬಿಡುತ್ತದೆ ಅನ್ನುವ ಪಟ್ಟಿ. ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಅಂತ ಕಂಡುಹಿಡಿಯುತ್ತದೆ. ತಾರೀಖು, ಗಂಟೆ ನೋಡಿಕೊಳ್ಳುತ್ತದೆ. ನಾವು ಯಾವ ಕಡೆ ಮುಖ ಮಾಡಿದ್ದೇವೆ ಅಂತ ತಿಳಿದುಕೊಳ್ಳುತ್ತದೆ. ಆಮೇಲೆ ಆಕಾಶವನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತದೆ. ಇವಿಷ್ಟನ್ನೂ ಓದುವವರ ಕೈಗೆ ಕೊಟ್ಟರೆ ಪುಸ್ತಕ ಆಗುತ್ತದೆ, ಕೊಡದಿದ್ದರೆ ಆಲ್ಬಮ್ ಆಗುತ್ತದೆ ಅಂತ ಹೊಳೆದಿದ್ದು ಆವಾಗ.

ಈಗ ತಟ್ಟೆ ತಗೊಳ್ಳಿ. ದೊಡ್ಡ ತಟ್ಟೆ ಆಕಾಶ ಅಂದುಕೊಳ್ಳಿ, ನಡುವೆ ಧ್ರುವ. ಅದರ ಅಂಚಿನ ಸುತ್ತ ವರ್ಷದ 365 ದಿನಗಳನ್ನು ಬರೆದಿದೆ. ಚಿಕ್ಕ ತಟ್ಟೆಯ ಅಂಚಿನಲ್ಲಿ 24 ಗಂಟೆ. ಚಿಕ್ಕ ತಟ್ಟೆಯಲ್ಲಿ ಒಂದು ದೊಡ್ಡ ಕಿಟಕಿ ಕೊರೆದಿದೆ ಅಂತಲೂ ಅಂದುಕೊಳ್ಳಿ, ತಟ್ಟೆಯನ್ನು ನಿಜವಾಗಿ ಕೊರೆಯಬೇಡಿ. ಇವತ್ತಿನ ತಾರೀಖಿನ ಎದುರಿಗೆ ಈಗಿನ ಗಂಟೆ ಬರುವಂತೆ ತಿರುಗಿಸಿದರೆ ಕಿಟಕಿಯೊಳಗೆ ಕಾಣುವುದೇ ಈ ಹೊತ್ತಿನ ಆಕಾಶ. ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಒಂದು ದಿನಕ್ಕೆ ಹತ್ತಿರ ಹತ್ತಿರ ಒಂದು ಡಿಗ್ರಿ, ಅಂದರೆ ನಿನ್ನೆ ನೋಡಿದ ನಕ್ಷತ್ರ ಇವತ್ತು 4 ನಿಮಿಷ ಮುಂಚೆಯೇ ಅದೇ ಜಾಗಕ್ಕೆ ಬಂದಿರುತ್ತದೆ. ಆಪ್ ಇದನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ತಟ್ಟೆ ತಿರುಗಿಸಿದ ಕೂಡಲೇ ಬೆರಳಿಗೆ ಗೊತ್ತಾಯಿತು.

ಇದೇನು ನನ್ನ ಕಂಡುಹಿಡಿತ ಅಲ್ಲ ಮತ್ತೆ. 1540ರಲ್ಲಿ ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಪೀಟರ್ ಆಪಿಯನ್ ಅನ್ನುವ ಪಂಡಿತ ಚಕ್ರವರ್ತಿ ಐದನೇ ಚಾರ್ಲ್ಸ್‌ಗೆ ಅಂತ ಒಂದು ಭಾರೀ ಪುಸ್ತಕ ಅಚ್ಚು ಹಾಕಿದ. ಪುಟಗಳ ಮೇಲೆ ಒಂದರ ಮೇಲೊಂದು ಕಾಗದದ ಚಕ್ರ, ನಡುವೆ ದಾರ, ಕೈಯಲ್ಲಿ ಬಣ್ಣ. ಚಕ್ರ ತಿರುಗಿಸಿದರೆ ಗ್ರಹ ಎಲ್ಲಿದೆ ಅಂತ ಲೆಕ್ಕ ಹಾಕದೆ ತಿಳಿಯುತ್ತಿತ್ತು. ಇದನ್ನು ಆಪ್ ಅನ್ನದೆ ಇನ್ನೇನು ಅನ್ನಬೇಕು? ನಮ್ಮಲ್ಲೂ 1370ರಲ್ಲಿ ಮಹೇಂದ್ರ ಸೂರಿ ಅನ್ನುವ ಜೈನ ವಿದ್ವಾಂಸ ಇಂಥ ಯಂತ್ರದ ಬಗ್ಗೆಯೇ 'ಯಂತ್ರರಾಜ' ಅಂತ ಸಂಸ್ಕೃತದಲ್ಲಿ ಬರೆದ. ಆ ಯಂತ್ರ ಲೋಹದ್ದು, ಒಳಗೆ ಬೇರೆ ಬೇರೆ ಊರಿನ ಅಕ್ಷಾಂಶಕ್ಕೆ ಬೇರೆ ಬೇರೆ ತಟ್ಟೆ ಹಾಕಿಕೊಳ್ಳಬಹುದು. ಆ ಉಪಾಯವನ್ನು ನಾನು ಹಾಗೇ ಎತ್ತಿಕೊಂಡೆ. ಚಾಮರಾಜನಗರ 12 ಡಿಗ್ರಿ, ಬೀದರ್ ಹತ್ತಿರ ಹತ್ತಿರ 18 ಡಿಗ್ರಿ. ಒಂದೇ ಕಿಟಕಿ ಇಬ್ಬರಿಗೂ ಸರಿಹೋಗುವುದಿಲ್ಲ. ಪುಸ್ತಕದ ಹಿಂದಿನ ರಟ್ಟಿನಲ್ಲಿ ಒಂದು ಜೇಬು ಮಾಡಿ ಇನ್ನೆರಡು ಕಿಟಕಿ ಇಟ್ಟಿದ್ದೇನೆ.

ಗಡಿಯಾರದ ವಿಷಯವೂ ಇದೆ. ನಮ್ಮ ದೇಶದ ಗಂಟೆ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರಿನವರು ಗಡಿಯಾರದಲ್ಲಿ 20 ನಿಮಿಷ ಕಳೆದು ಚಕ್ರ ತಿರುಗಿಸಬೇಕು, ಮಂಗಳೂರಿನವರು ಅರ್ಧ ಗಂಟೆ. ಆಪ್ ಇದನ್ನು ಬಾಯಿಬಿಡದೆ ಕಳೆಯುತ್ತದೆ. ಪುಸ್ತಕದಲ್ಲಿ ಮೊದಲ ಪುಟದಲ್ಲೇ ಒಂದು ಖಾಲಿ ಜಾಗ ಇದೆ, 'ನಮ್ಮ ಊರಿಗೆ ಕಳೆಯಬೇಕಾದ ನಿಮಿಷ' ಅಂತ. ನೀವೇ ತುಂಬಬೇಕು.

ನಿಜವಾದ ತಲೆನೋವು ಶುರುವಾಗಿದ್ದು ದಕ್ಷಿಣದ ಕಡೆ. ಪೇಟೆಯಲ್ಲಿ ಸಿಗುವ ನಕ್ಷತ್ರ ಚಕ್ರಗಳು ಜಾಸ್ತಿ ಯುರೋಪು, ಅಮೆರಿಕದವರಿಗೆ ಮಾಡಿದವು. ಅಲ್ಲಿ ಧ್ರುವ ನಕ್ಷತ್ರ ಆಕಾಶದಲ್ಲಿ ಅರ್ಧಕ್ಕೆ ಏರಿರುತ್ತದೆ. ನಮಗೆ ಬೆಂಗಳೂರಿನಲ್ಲಿ ಅದು ಬರೀ 13 ಡಿಗ್ರಿ ಎತ್ತರ, ತೆಂಗಿನ ಮರದ ಹಿಂದೆ ಹೋಗಿಬಿಡುತ್ತದೆ. ಬದಲಿಗೆ ನಮಗೆ ದಕ್ಷಿಣದ ಆಕಾಶ ಧಾರಾಳ. ಲಂಡನ್ನಿನವನಿಗೆ ಜೀವಮಾನದಲ್ಲಿ ಊರಿಂದ ಕಾಣದ ಅಗಸ್ತ್ಯ ನಕ್ಷತ್ರ ನಮಗೆ ಫೆಬ್ರವರಿ ರಾತ್ರಿ ಆರಾಮಾಗಿ ಕಾಣುತ್ತದೆ. ಮೇ ತಿಂಗಳ ನಡುವೆ ರಾತ್ರಿ 9ಕ್ಕೆ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಆದರೆ ಧ್ರುವವನ್ನು ನಡುವೆ ಇಟ್ಟು ಇದೆಲ್ಲವನ್ನೂ ಒಂದೇ ಚಕ್ರದಲ್ಲಿ ಬರೆಯಲು ಹೋದರೆ ಅಂಚಿಗೆ ಹೋದಷ್ಟೂ ಆಕಾಶ ಚಪಾತಿ ಲಟ್ಟಿಸಿದ ಹಾಗೆ ಅಗಲ ಆಗುತ್ತದೆ. ವೃಶ್ಚಿಕದ ಬಾಲ ಮೂರು ಪಟ್ಟು ಅಗಲವಾಗಿ ಅದು ಚೇಳೋ ಏಡಿಯೋ ಗೊತ್ತಾಗದ ಸ್ಥಿತಿ.

ಹದಿನೈದು ದಿನ ಒದ್ದಾಡಿ ಒಂದು ದಪ್ಪ ಹಾಳೆಯ ಎರಡೂ ಮೈಗೆ ಚಕ್ರ ಕೂರಿಸಿದೆ. ಮುಂದಿನ ಮೈ ಉತ್ತರದ ಆಕಾಶ, ಹಿಂದಿನ ಮೈ ದಕ್ಷಿಣದ್ದು. ಉತ್ತರಕ್ಕೆ ಮುಖ ಮಾಡಿ ನಿಂತು ನೋಡುತ್ತೀರಿ, ಅಲ್ಲಿ ಎಲ್ಲವೂ ಎಡಕ್ಕೆ ಸುತ್ತುತ್ತವೆ. ಪುಟ ಮಗುಚಿದರೆ ನೀವೂ ಬೆನ್ನು ತಿರುಗಿಸಿ ದಕ್ಷಿಣಕ್ಕೆ ನಿಲ್ಲಬೇಕು, ಅಲ್ಲಿ ಎಲ್ಲವೂ ಬಲಕ್ಕೆ. ಓದುವವರನ್ನು ನಿಂತಲ್ಲೇ ಗಿರಕಿ ಹೊಡೆಸುವ ಪುಟ ಅದು. ಈ ಇಡೀ ಪುಸ್ತಕದಲ್ಲಿ ನನಗೆ ಹೆಮ್ಮೆ ಇರುವುದು ಅದೊಂದು ಹಾಳೆಯ ಬಗ್ಗೆ.

ಆ ಹಾಳೆಯಲ್ಲೇ ಎಡವಟ್ಟೂ ಆಯಿತು. ಭೂಪಟದಲ್ಲಿ ಪೂರ್ವ ಬಲಗಡೆ ಇರುತ್ತದೆ, ಅಲ್ವಾ? ದಕ್ಷಿಣಕ್ಕೆ ಮುಖ ಮಾಡಿದವನಿಗೆ ಪೂರ್ವ ಎಡಗಡೆ. ನಾನು ಹಾಗೇ ಬರೆದುಕೊಟ್ಟಿದ್ದೆ. ಸಂಜೆ ಹೋಗಿ ನೋಡಿದರೆ ಪ್ರೆಸ್ಸಿನ ಹುಡುಗ ನಗುಮುಖದಲ್ಲಿ, "ಸಾರ್, ಪೂರ್ವ ಪಶ್ಚಿಮ ಉಲ್ಟಾ ಹಾಕಿದ್ರಿ, ನಾನೇ ಸರಿ ಮಾಡ್ದೆ" ಅಂದ. 60 ಹಾಳೆ ಅಚ್ಚಾಗಿ ಒಣಗುತ್ತಿದ್ದವು. ಏನು ಹೇಳುವುದು, ಅವನ ಕಾಳಜಿಗೆ ಬೈಯುವುದಕ್ಕೂ ಮನಸ್ಸು ಬರಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಕತ್ತಲಲ್ಲಿ ಪುಸ್ತಕ ನೋಡುವುದಕ್ಕೆ ಬೆಳಕು ಬೇಕು, ಕೆಂಪು ಬೆಳಕಾದರೆ ಕತ್ತಲಿಗೆ ಹೊಂದಿದ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಅದಕ್ಕೆ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ಮಾಳಿಗೆ ಹತ್ತಿದೆ. ಪುಸ್ತಕ ತೆರೆದರೆ ಅರ್ಧ ಆಕಾಶ ಮಾಯ! ನಕ್ಷತ್ರಗಳನ್ನು ಜೋಡಿಸುವ ಗೆರೆಗಳನ್ನೂ ಹೆಸರುಗಳನ್ನೂ ಚೆಂದ ಕಾಣಲಿ ಅಂತ ಕೆಂಪು ಶಾಯಿಯಲ್ಲಿ ಹಾಕಿದ್ದೆ. ಬಿಳಿ ಹಾಳೆಯ ಮೇಲಿನ ಕೆಂಪು ಶಾಯಿ ಕೆಂಪು ಬೆಳಕಿನಲ್ಲಿ ಕಾಣುವುದಿಲ್ಲ ಅನ್ನುವುದು ಆ ಕ್ಷಣದವರೆಗೆ ತಲೆಗೆ ಬಂದಿರಲಿಲ್ಲ. ತಲೆ ಚಚ್ಚಿಕೊಳ್ಳುತ್ತಿರುವಾಗ ಅಕ್ಕನ ದೊಡ್ಡ ಮಗಳು ಹೇಳಿದಳು, "ಮಾಮ, ಇದು ಪರೀಕ್ಷೆ ಥರ ಇದೆ. ಬರೀ ಚುಕ್ಕೆ ನೋಡಿ ಯಾವುದು ಅಂತ ಹೇಳಬೇಕು, ಆಮೇಲೆ ಬಿಳಿ ಟಾರ್ಚ್ ಹಾಕಿ ಉತ್ತರ ನೋಡಬೇಕು." ಆಪಿನಲ್ಲಿ ಗೆರೆ ಅಳಿಸುವುದಕ್ಕೆ ಒಂದು ಗುಂಡಿ ಇರುತ್ತದಲ್ಲ, ಅದು ನನಗೆ ಬಿಟ್ಟಿ ಸಿಕ್ಕಿತು. ಹೆಸರುಗಳನ್ನು ಮಾತ್ರ ಕಪ್ಪಿಗೆ ಬದಲಾಯಿಸಿದೆ, ಗೆರೆ ಕೆಂಪಾಗಿಯೇ ಉಳಿಯಿತು.

ಮಾಡುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಎರಡು ಮೂರು ವಿಷಯ ಯಾರಿಗಾದರೂ ಉಪಯೋಗ ಆದೀತು. ಚಕ್ರಕ್ಕೆ 300 ಜಿಎಸ್‌ಎಂನ ದಪ್ಪ ಹಾಳೆ, ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಶೀಟು. ನಡುವಿನ ಐಲೆಟ್, ಅಂದರೆ ತೂತಿಗೆ ಹಾಕುವ ಲೋಹದ ಬಳೆ, ಹೊಡೆಸಿದ್ದು ಬಸ್ ಸ್ಟಾಂಡ್ ಪಕ್ಕದ ಚಪ್ಪಲಿ ರಿಪೇರಿ ಅಂಗಡಿಯಲ್ಲಿ. ನಾನು ಹೊಡೆದಾಗ ಚಕ್ರ ಬಿಗಿದುಕೊಂಡು ತಿರುಗುತ್ತಲೇ ಇರಲಿಲ್ಲ. ಆ ಅಣ್ಣ ಎರಡು ಹಾಳೆಗಳ ನಡುವೆ ಒಂದು ಕಾಗದದ ಚೂರು ಇಟ್ಟು ಹೊಡೆದ, ಆಮೇಲೆ ಚೂರನ್ನು ಎಳೆದು ಬಿಸಾಕಿದ. ಅಷ್ಟು ಸಡಿಲ ಸಾಕು, ಬೆಣ್ಣೆ ಥರ ತಿರುಗಿತು. ಅಂಟು ಮನೆಯಲ್ಲೇ ಕಾಸಿದ ಮೈದಾ ಅಂಟು, ಹುಳ ಹಿಡಿಯದಿರಲು ಹಳೇ ಬೈಂಡಿಂಗಿನವರು ಹಾಕುವ ಹಾಗೆ ಚಿಟಿಕೆ ಮೈಲುತುತ್ತ. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಇಂಕ್‌ಜೆಟ್ ಪ್ರಿಂಟಿನ ಮೇಲೆ ಆ ಅಂಟು ತಾಗಿದರೆ ಶಾಯಿ ಹರಡುತ್ತದೆ, ಅದನ್ನೂ ನಾನು ಮಾಡಿ ನೋಡಿಯೇ ಕಲಿತೆ. ಚಕ್ರ ಇರುವ ಪುಸ್ತಕ ನಡುವೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತದೆ, ಅದಕ್ಕೆ ಬೆನ್ನಿನ ಕಡೆ ಪ್ರತಿ ಹಾಳೆಯ ನಡುವೆ ರಟ್ಟಿನ ಪಟ್ಟಿ ಕೊಟ್ಟು ದಬ್ಬಣದಲ್ಲಿ ಹೊಲಿಯಬೇಕು. ಹೀಗೆ ಮಾಡಿದ್ದು 30 ಪ್ರತಿ.

ಬಿಟ್ಟಿದ್ದೂ ಬೇಕಾದಷ್ಟಿದೆ. ಉಪಗ್ರಹ, ಬಾಹ್ಯಾಕಾಶ ನಿಲ್ದಾಣ, ಉಲ್ಕೆ ಬಂತು ಎದ್ದೇಳಿ ಅನ್ನುವ ಗಂಟೆ, ಎಲ್ಲ ಹೋಯಿತು. ಹೋದದ್ದೇ ಒಳ್ಳೆಯದು. ಗ್ರಹಗಳನ್ನು ಬಿಡಲು ಮನಸ್ಸಾಗಲಿಲ್ಲ, ಆದರೆ ಅವು ಒಂದು ಕಡೆ ನಿಲ್ಲುವ ಜಾತಿಯಲ್ಲ. ಪಂಚಾಂಗದವರು ಇದಕ್ಕೇ ಪ್ರತಿ ಯುಗಾದಿಗೆ ಹೊಸದಾಗಿ ಅಚ್ಚು ಹಾಕುತ್ತಾರೆ. ನಾನು ಗ್ರಹದ ದಾರಿಯನ್ನು ಮಾತ್ರ ಚುಕ್ಕೆಗೆರೆಯಲ್ಲಿ ಹಾಕಿ ಒಂದು ಪೆನ್ಸಿಲ್ ಕಟ್ಟಿದೆ. ಗುರು ವರ್ಷಕ್ಕೆ ಸುಮಾರು ಒಂದು ರಾಶಿ ದಾಟುತ್ತಾನೆ, ಕಂಡಾಗ ಗುರುತು ಹಾಕಿ, ದಾಟಿದ ಮೇಲೆ ಅಳಿಸಿ. ನಮ್ಮ ಅಪ್‌ಡೇಟ್ ಇಷ್ಟೇ.

ಮೊದಲ ಪ್ರತಿಯನ್ನು ಅಕ್ಕನ ಮನೆಗೇ ಕೊಟ್ಟೆ. ಮಕ್ಕಳ ಅಜ್ಜಿ, ಅಂದರೆ ಅಕ್ಕನ ಅತ್ತೆ, ಚಕ್ರ ತಿರುಗಿಸುತ್ತಾ ಅಂಚಿನ ಕಡೆ ಬೆರಳಿಟ್ಟು ಕೇಳಿದರು, "ಇದ್ರಾಗೆ ಮಳೆ ನಕ್ಷತ್ರ ಎಲ್ಲೈತಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಪಿನಲ್ಲಿ ಇರಲಿಲ್ಲ, ಅದಕ್ಕೇ ಪುಸ್ತಕದಲ್ಲೂ ಇರಲಿಲ್ಲ. ವಾಪಸ್ ತಂದು ತಾರೀಖುಗಳ ಒಳಗಡೆ ಇನ್ನೊಂದು ಸುತ್ತು ಬರೆದೆ, 27 ನಕ್ಷತ್ರಕ್ಕೆ 27 ಮನೆ, ಒಂದೊಂದಕ್ಕೆ ಹದಿಮೂರೂವರೆ ದಿನ. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಆ ದಿನಗಳ ಮಳೆಗೆ ಅದರದ್ದೇ ಹೆಸರು. ಮೇಲೆ ಪುಟ್ಟ ಮುಚ್ಚಳ, ಎತ್ತಿದರೆ ಗಾದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ. ಆರಿದ್ರಾ ಮಳೆ ಆದರೆ ದಾರಿದ್ರ್ಯ ಇಲ್ಲ. ಅಜ್ಜಿ ಗೊತ್ತಿದ್ದ ಗಾದೆಯನ್ನೇ ಎತ್ತಿ ಎತ್ತಿ ಓದಿಸಿಕೊಂಡರು.

ಈ ಸುತ್ತು ಬರೆಯುವಾಗ ನನಗೇ ಒಂದು ಹೊಸದು ಗೊತ್ತಾಯಿತು. ಜೂನ್ 22, ಆರಿದ್ರಾ ಮಳೆ ಹುಟ್ಟುವ ದಿನ, ಚಕ್ರವನ್ನು ಮಧ್ಯಾಹ್ನ 12ಕ್ಕೆ ಇಟ್ಟು ನೋಡಿ. ಆರಿದ್ರಾ ನಕ್ಷತ್ರ ನೆತ್ತಿಯ ಹತ್ತಿರ ನಿಂತಿರುತ್ತದೆ, ಸೂರ್ಯನ ಕಡೆಯೇ. ಅಂದರೆ ಆರಿದ್ರಾ ಮಳೆಯ ದಿನಗಳಲ್ಲಿ ಆರಿದ್ರಾ ನಕ್ಷತ್ರ ರಾತ್ರಿ ಕಾಣುವುದೇ ಇಲ್ಲ. ಮಘೆ ಮಳೆಯಲ್ಲಿ ಮಘಾ ನಕ್ಷತ್ರದ ಕತೆಯೂ ಅಷ್ಟೇ. ಇದನ್ನು ಅಜ್ಜಿಗೆ ಹೇಳಿದರೆ, "ಹ್ಞೂ ಮತ್ತೆ, ಮಳೆಗಾಲದಾಗೆ ಯಾವ ಚುಕ್ಕಿ ಕಾಣ್ತೈತೆ" ಅಂದುಬಿಟ್ಟರು.

ದೀಪಾವಳಿಗೆ ಹೋದಾಗ ಪುಸ್ತಕ ತೆಗೆದು ನೋಡಿದೆ. ಗ್ರಹಕ್ಕೆ ಅಂತ ಕಟ್ಟಿದ್ದ ಪೆನ್ಸಿಲ್ ಮೊಂಡಾಗಿತ್ತು, ಗುರುವಿನ ಗುರುತು ಒಂದೂ ಇರಲಿಲ್ಲ. ಮಳೆಯ ಸುತ್ತಿನಲ್ಲಿ ಮಾತ್ರ ಒಂದೊಂದು ಮನೆಯ ಪಕ್ಕದಲ್ಲೂ ಚಿಕ್ಕವಳ ಗುಂಡು ಅಕ್ಷರ. ಅಜ್ಜಿ ಹೇಳಿ ಬರೆಸಿದ್ದಂತೆ. ಬಂತು, ಬಂತು, ಇಲ್ಲ, ಹನಿ, ಇಲ್ಲ, ಜೋರು, ಕೆರೆಗೆ ನೀರು ಬಂತು. ಜಾಗ ಸಾಲದೆ ಕೆಲವು ಆಕಾಶದ ಮೇಲೇ ಹತ್ತಿದ್ದವು. ಮುಂದಿನ 30 ಪ್ರತಿಗೆ ಆ ಮನೆಗಳನ್ನು ಅಗಲ ಮಾಡುತ್ತಿದ್ದೇನೆ, ಅದಕ್ಕಾಗಿ ಚಕ್ರವನ್ನೇ ಒಂದು ಇಂಚು ದೊಡ್ಡದು ಮಾಡಬೇಕಾಗಿದೆ. ನಾಳೆ ಹಾಳೆ ತರಲು ಪೇಟೆಗೆ ಹೋಗಬೇಕು. ಬರುತ್ತೇನೆ, ನಮಸ್ಕಾರ.