'ಸಣ್ಣ ಆಗಿದ್ದೀಯಲ್ಲ!' ಈ ದೂರು ಯಾರ ಮೇಲೆ?

ನಮಸ್ಕಾರ! ಒಬ್ಬರ ಮೈಕಟ್ಟಿನ ಬಗ್ಗೆ ಎದುರಿಗೇ ಮಾತಾಡಬಹುದಾ? ಹೊರದೇಶದಲ್ಲಿ ಇರುವವರನ್ನೆಲ್ಲ ಒಮ್ಮೆಯಾದರೂ ಕಾಡುವ ಪ್ರಶ್ನೆ ಇದು. ಒಂದು ದೇಶದಲ್ಲಿ ಕಂಡ ಕೂಡಲೇ 'ದಪ್ಪ ಆಗಿದ್ದೀರಿ' ಅನ್ನುತ್ತಾರೆ. ಇನ್ನೊಂದು ದೇಶದಲ್ಲಿ ಆಫೀಸಿನಲ್ಲಿ ಅದೇ ಮಾತು ಆಡಿದರೆ ಎಚ್‌ಆರ್‌ಗೆ ದೂರು ಹೋಗುತ್ತದೆ. ಯಾಕೆ ಹೀಗೆ?

'ಸಂಸ್ಕೃತಿ ಬೇರೆ ಬೇರೆ' ಅಂತ ಹೇಳಿ ವಿಡಿಯೋ ಮುಗಿಸಬಹುದಿತ್ತು. ಬೇಡ, ನೇರ ಫಿಜಿಗೆ ಹೋಗೋಣ.

[ಪರದೆ: ಪೆಸಿಫಿಕ್ ಸಾಗರದ ನಕ್ಷೆ]

ಮಾನವಶಾಸ್ತ್ರಜ್ಞೆ, ಮನೋವೈದ್ಯೆ ಆ್ಯನ್ ಬೆಕರ್ ಅಲ್ಲಿನ ಹಳ್ಳಿಗಳಲ್ಲಿ ಅಧ್ಯಯನ ಮಾಡಿದವರು. ಅವರು ಕಂಡಂತೆ, ಅಲ್ಲಿ ಮೈಕಟ್ಟು ಒಬ್ಬರ ಸ್ವಂತ ಆಸ್ತಿ ಆಗಿರಲಿಲ್ಲ. ಮೈಕೈ ತುಂಬಿಕೊಂಡಿದ್ದರೆ ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ. ಸೊರಗಿದ್ದರೆ ಕೈಬಿಟ್ಟಿದ್ದಾರೆ ಅಂತ. ಅಂದರೆ 'ಸಣ್ಣ ಆಗಿದ್ದೀಯಲ್ಲ' ಅಂದಾಗ ಏಟು ಬೀಳುತ್ತಿದ್ದದ್ದು ನಿಮಗೆ ಊಟ ಹಾಕುವವರಿಗೆ! ನೀವು ಸುಮ್ನೆ ಸಾಕ್ಷಿ, ಅಷ್ಟೆ. ನನಗಂತೂ ಇದು ಬಹಳ ಹಿಡಿಸಿತು. ತೂಕ ನಮ್ಮದು, ಬೈಗುಳ ಅಡುಗೆಮನೆಗೆ.

ಆಮೇಲೆ 1995ರಲ್ಲಿ ಫಿಜಿಯ ನಡ್ರೋಂಗಾ ಎಂಬ ಕಡೆಗೆ ಟಿವಿ ಬಂತು. ಬಂದ ಹೊಸದರಲ್ಲಿ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಸಿಗಲಿಲ್ಲ. 1998ರಲ್ಲಿ ಮತ್ತೆ ಕೇಳಿದರು. ಶೇಕಡಾ 11.3! ಮೂರೇ ವರ್ಷ. ಊರೆಲ್ಲ ಸೇರಿ ನೋಡಿಕೊಳ್ಳುತ್ತಿದ್ದ ಮೈ, ಹುಡುಗಿಯರು ಒಬ್ಬೊಬ್ಬರೇ ತಿದ್ದಿಕೊಳ್ಳಬೇಕಾದ ಕೆಲಸ ಆಗಿಹೋಯಿತು. ಟಿವಿಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಈ ಲೆಕ್ಕ ನೋಡಿದರೆ ಮೈ ಜುಂ ಅನ್ನುತ್ತದೆ, ಅಲ್ವಾ?

ಸಮಯ ಓಡ್ತಾ ಇದೆ, ಉಳಿದದ್ದು ಬೇಗ ಬೇಗ. ದಕ್ಷಿಣ ಕೊರಿಯಾದಲ್ಲಿ 'ನಿಮ್ಮ ಮುಖ ಚಿಕ್ಕದು' ಅಂದರೆ ಹೊಗಳಿಕೆ, ಖುಷಿಪಡಿ. ಹಾಗಂತ ಅಲ್ಲಿ ಎಲ್ಲವೂ ನಡೆಯುತ್ತದೆ ಅಂದುಕೊಳ್ಳಬೇಡಿ. ಕೆಲಸಕ್ಕೆ ಸಂಬಂಧವೇ ಇಲ್ಲದ ಎತ್ತರ, ತೂಕವನ್ನು ಅರ್ಜಿಯಲ್ಲಿ ಕೇಳುವ ಕಂಪನಿಗೆ 2019ರಿಂದ 50 ಲಕ್ಷ ವಾನ್ ತನಕ ದಂಡ ಬೀಳಬಹುದು. ಅಮೆರಿಕದ ಮಿಷಿಗನ್‌ನಲ್ಲಿ ಎತ್ತರ, ತೂಕ ನೋಡಿ ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ ಅನ್ನುವ ಕಾನೂನು 1976ರದ್ದು. ನ್ಯೂಯಾರ್ಕ್ ನಗರಕ್ಕೆ ಅದು ಬಂದದ್ದು 2023ರಲ್ಲಿ.

ಹಾಗಾದರೆ ಎದುರಿಗೇ ಯಾರಾದರೂ ಅಂದುಬಿಟ್ಟರೆ? ಅವರವರ ನಡುವೆಯೂ ಹಾಗೇ ಮಾತಾಡುತ್ತಾರಾ ನೋಡಿ. ಹೌದಾದರೆ ಅದು ಕುಶಲ ವಿಚಾರಿಸುವ ರೀತಿ, ನಕ್ಕು ಮುಂದೆ ಹೋಗಿ. ನಿಮ್ಮೊಬ್ಬರಿಗೇ ಅನ್ನುತ್ತಿದ್ದರೆ ಅದು ಶುದ್ಧ ಒರಟುತನ. 'ಈ ವಿಷಯ ಬೇಡ' ಅಂತ ನೇರವಾಗಿ ಹೇಳಿ.

ಮುಂದಿನ ವಿಡಿಯೋದಲ್ಲಿ ಸಂಬಳ ಕೇಳುವವರ ಕಥೆ!