ಮುಖದ ಮೇಲೆ ಮಾಸ್ಕ್, ಹಾಸಿಗೆಯಲ್ಲಿ ನಿಲ್ಲದ ಕಾಲು

ಕೇಳುಗರಿಗೆಲ್ಲ ನಮಸ್ಕಾರ.

ರಾತ್ರಿ ಹನ್ನೊಂದೂವರೆ. ದೀಪ ಆರಿಸಿ, ಮೂಗಿನ ಮೇಲೆ ಮಾಸ್ಕ್ ಕೂರಿಸಿ, ಪಟ್ಟಿ ಬಿಗಿದು, ಉಸಿರಿಗೆ ನೆರವಾಗುವ ಸಿಪ್ಯಾಪ್ ಯಂತ್ರದ ಗುಂಡಿ ಒತ್ತಿ ಮಲಗಿದ್ದೇನೆ. ಗಾಳಿ ಮೆಲ್ಲಗೆ ಬರುತ್ತಿದೆ. ಐದು ನಿಮಿಷ ಆಗಿಲ್ಲ, ಎಡಗಾಲಿನ ಮೀನಖಂಡದೊಳಗೆ ಏನೋ ಶುರುವಾಯಿತು. ನೋವಲ್ಲ, ತುರಿಕೆಯಲ್ಲ, ಜೋಮೂ ಅಲ್ಲ. ಮೂಳೆಗೂ ಮಾಂಸಕ್ಕೂ ನಡುವೆ ಹುಳ ಹರಿದ ಹಾಗೆ. ಕಾಲು ಝಾಡಿಸಿದರೆ ಒಂದು ಕ್ಷಣ ಹಾಯೆನಿಸುತ್ತದೆ, ನಿಲ್ಲಿಸಿದರೆ ಮತ್ತೆ ಅದೇ. ಮಗ್ಗುಲು ಬದಲಿಸಿದೆ; ಕೊಳವೆ ಕುತ್ತಿಗೆಗೆ ಸುತ್ತಿಕೊಂಡಿತು, ಮಾಸ್ಕ್ ಜರುಗಿ ಗಾಳಿ ಕಣ್ಣಿಗೆ ಊದತೊಡಗಿತು. ಹನ್ನೆರಡಕ್ಕೆ ಎಲ್ಲ ಕಿತ್ತು ಪಕ್ಕಕ್ಕೆಸೆದೆ.

ಮೂರು ತಿಂಗಳು ಹೆಚ್ಚುಕಡಿಮೆ ದಿನವೂ ಇದೇ ಕಥೆ. ವೈದ್ಯರು ಕೇಳಿದಾಗ ನಾನು ಹೇಳಿದ್ದು ಒಂದೇ ಮಾತು: ‘ಈ ಸಿಪ್ಯಾಪ್ ನನಗೆ ಒಗ್ಗುವುದಿಲ್ಲ.’ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಉಸಿರಿನ ವೈದ್ಯರ ಹತ್ತಿರ ಕಾಲಿನ ಮಾತೇಕೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದಕ್ಕೆ ಮೂರು ತಿಂಗಳ ನಿದ್ದೆ ತೆತ್ತೆ.

ಸಿಪ್ಯಾಪ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲೀಪ್ ಆಪ್ನಿಯಾ ಇರುವವರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ನಿಲ್ಲುತ್ತದೆ, ಪ್ರತಿ ಸಲವೂ ಕನಿಷ್ಠ 10 ಸೆಕೆಂಡು. ಗಂಟೆಗೆ 30 ಸಲ, ಅದಕ್ಕೂ ಹೆಚ್ಚು ಸಲ ಹೀಗಾದರೆ ಅದು ತೀವ್ರ. ಮಾಸ್ಕಿನ ಮೂಲಕ ಒಂದೇ ಸಮನೆ ಒತ್ತಡದ ಗಾಳಿ ಕಳಿಸಿ ಆ ದಾರಿಯನ್ನು ತೆರೆದಿಡುವ ಯಂತ್ರವೇ ಸಿಪ್ಯಾಪ್. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಇದನ್ನು 1981ರಲ್ಲಿ ಪ್ರಕಟಿಸಿದರು.

ಕಾಲಿನ ಕಾಯಿಲೆ ಇದಕ್ಕಿಂತ ಹಳೆಯದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1672ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. 1945ರಲ್ಲಿ ಸ್ವೀಡನ್ನಿನ ವೈದ್ಯ ಎಕ್‌ಬೊಮ್ ‘ರೆಸ್ಟ್‌ಲೆಸ್ ಲೆಗ್ಸ್’, ಅಂದರೆ ಚಡಪಡಿಸುವ ಕಾಲು, ಎಂದು ಹೆಸರಿಟ್ಟರು. ಗುರುತು ಹಿಡಿಯುವುದು ಕಷ್ಟವಲ್ಲ. ಕಾಲು ಅಲ್ಲಾಡಿಸಲೇಬೇಕೆಂಬ ತಡೆಯಲಾಗದ ತುಡಿತ; ಸುಮ್ಮನೆ ಕೂತಾಗ, ಮಲಗಿದಾಗ ಅದು ಶುರುವಾಗಬೇಕು ಇಲ್ಲವೇ ಜೋರಾಗಬೇಕು; ನಡೆದರೆ, ಚಾಚಿದರೆ ತಗ್ಗಬೇಕು; ಸಂಜೆ, ರಾತ್ರಿ ಹೆಚ್ಚಬೇಕು. ಸ್ನಾಯು ಗಟ್ಟಿಯಾಗಿ ಹಿಡಿದುಕೊಳ್ಳುವ ಸೆಳೆತವೇ ಬೇರೆ, ಇದೇ ಬೇರೆ. ನಿದ್ದೆ ಬಂದ ಮೇಲೆ ಕಾಲು ತಾನಾಗಿ ಒದೆಯುವುದು ಇನ್ನೊಂದು. ಅದು ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆಯೇ ಹೊರತು ನಮಗಲ್ಲ. ಉಸಿರುಗಟ್ಟಿದ್ದರಿಂದ ಬರುವ ಒದೆತವಾದರೆ ಮಾಸ್ಕ್ ಸರಿಯಾಗಿ ಕೂತಮೇಲೆ ತಗ್ಗುವುದುಂಟು.

ಈಗ ಜಗಳ ಎಲ್ಲಿದೆ ನೋಡಿ. ಮಾಸ್ಕ್ ‘ಅಲ್ಲಾಡದೆ ಮಲಗು’ ಅನ್ನುತ್ತದೆ, ಕಾಲು ‘ಏಳು, ನಡೆ’ ಅನ್ನುತ್ತದೆ. ಎದ್ದು ಓಡಾಡಲು ಬಿಡದ ಆ ಕೊಳವೆಯಿಂದಲೇ ಕಟ್ಟಿಹಾಕಿದಂತಾಗಿ ಎದೆ ಬಿಗಿಯುತ್ತದೆ. ನಾನು ಅದನ್ನು ಮಾಸ್ಕಿನ ಭಯ ಎಂದೇ ತಿಳಿದಿದ್ದೆ.

ಯಾರದು ತಪ್ಪು ಎಂದು ತೀರ್ಮಾನಿಸಲು ಒಂದು ಉಪಾಯವಿದೆ. ಯಂತ್ರ ಯಾವಾಗ ಚಾಲೂ ಆಯಿತು, ಯಾವಾಗ ನಿಂತಿತು ಎಂಬುದನ್ನು ತಾನೇ ದಾಖಲಿಸುತ್ತದೆ. ವೈದ್ಯರ ಹತ್ತಿರ ಅದನ್ನು ತೆಗೆಸಿ ನೋಡಿ. ಮಲಗಿದ ಅರ್ಧ ಗಂಟೆಯೊಳಗೇ ಮಾಸ್ಕ್ ಕಳಚಿದ್ದರೆ ನೀವು ಬಹುಶಃ ನಿದ್ದೆಯನ್ನೇ ಮಾಡಿಲ್ಲ. ಮೊದಲು ಕಾಲನ್ನು ವಿಚಾರಿಸಿ. ನಡುರಾತ್ರಿ ಮೂರು ಗಂಟೆಗೆ, ನಿಮಗೇ ಗೊತ್ತಿಲ್ಲದೆ ಕಳಚಿದ್ದರೆ ಗಾಳಿ ಸೋರಿಕೆ, ಒಣಗಿದ ಬಾಯಿ, ಹೊಂದದ ಒತ್ತಡ ಇವುಗಳ ಕಡೆ ನೋಡಬೇಕು. ನನ್ನ ದಾಖಲೆಯಲ್ಲಿ ಸಾಲಾಗಿ ಇಪ್ಪತ್ತು ನಿಮಿಷ, ಮೂವತ್ತು ನಿಮಿಷ, ಹದಿನೆಂಟು ನಿಮಿಷ. ಅದನ್ನು ನೋಡಿಯೇ ವೈದ್ಯರು ಕೇಳಿದ್ದು, ‘ಮಲಗಿದ ತಕ್ಷಣ ಏನಾಗುತ್ತೆ ನಿಮಗೆ?’

ಮುಂದೆ ಆದದ್ದು ರಕ್ತಪರೀಕ್ಷೆ. ಈ ಕಾಲಿನ ತೊಂದರೆಗೂ ಮಿದುಳಿನಲ್ಲಿ ಕಬ್ಬಿಣಾಂಶ ಸಾಲದಿರುವುದಕ್ಕೂ ನಂಟಿದೆ. ಹಿಮೋಗ್ಲೋಬಿನ್ ಸರಿಯಿದೆ ಎಂದರೆ ಸಾಲದು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ನೋಡಬೇಕು. ನನಗೆ ಬಂದದ್ದು ಮಿಲಿಲೀಟರಿಗೆ 28 ನ್ಯಾನೊಗ್ರಾಂ, ಪಕ್ಕದಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿತ್ತು. ಪ್ರಯೋಗಾಲಯದ ಲೆಕ್ಕಕ್ಕೆ ಅದು ಸರಿಯೇ. ಆದರೆ ಚಡಪಡಿಸುವ ಕಾಲಿನವರಿಗೆ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವ ಬಗ್ಗೆ ಯೋಚಿಸಬೇಕೆನ್ನುತ್ತವೆ ತಜ್ಞರ ಶಿಫಾರಸುಗಳು. ಮಾತ್ರೆಯೋ, ರಕ್ತನಾಳದ ಮೂಲಕವೋ ಅನ್ನುವುದನ್ನು ವೈದ್ಯರು ಹೇಳಲಿ. ಪರೀಕ್ಷೆ ಮಾಡಿಸದೆ ನೀವೇ ಕಬ್ಬಿಣದ ಮಾತ್ರೆ ನುಂಗಬೇಡಿ. ಹೆಚ್ಚಾದ ಕಬ್ಬಿಣ ಮೈಯಲ್ಲಿ ಸೇರಿ ಯಕೃತ್ತನ್ನು, ಹೃದಯವನ್ನು ಕೆಡಿಸಬಲ್ಲದು.

ಇನ್ನು ನಾನೇ ಹೋಗಿ ಬಿದ್ದ ಒಂದು ಹೊಂಡದ ಬಗ್ಗೆ. ಸಿಪ್ಯಾಪ್ ಗಾಳಿಗೆ ಮೂಗು ಕಟ್ಟಿಕೊಂಡಿತು. ನೆಗಡಿಗೆಂದು ಮನೆಯಲ್ಲಿದ್ದ, ನಿದ್ದೆ ಬರಿಸುವ ಅಲರ್ಜಿ ಮಾತ್ರೆ ನುಂಗಿದೆ. ಮೂಗೂ ಬಿಡುತ್ತೆ, ನಿದ್ದೆಯೂ ಬರುತ್ತೆ ಎಂಬ ಲೆಕ್ಕಾಚಾರ. ಆ ರಾತ್ರಿ ಕಾಲು ಹುಚ್ಚೆದ್ದಿತು. ಡೈಫೆನ್‌ಹೈಡ್ರಮೈನ್ ತರಹದ ಹಳೆಯ ಅಲರ್ಜಿ ಮಾತ್ರೆಗಳು ಈ ತೊಂದರೆಯನ್ನು ಕೆಣಕುತ್ತವೆ. ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಹಲವು ಔಷಧಿಗಳೂ ಅಷ್ಟೆ. ಖಿನ್ನತೆಯ ಮಾತ್ರೆಯನ್ನು ಮಾತ್ರ ಇದನ್ನು ಕೇಳಿದಿರೆಂದು ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಮೂಗಿಗೆ ಉಪ್ಪುನೀರಿನ ಸ್ಪ್ರೇ ಇದೆ, ಯಂತ್ರದಲ್ಲಿ ಗಾಳಿಗೆ ತೇವ ಬೆರೆಸುವ ಹ್ಯೂಮಿಡಿಫೈಯರ್ ಅನ್ನು ಒಂದು ಹಂತ ಏರಿಸಬಹುದು. ಸಂಜೆಯ ಕಾಫಿ ಮತ್ತು ಮದ್ಯ ಎರಡೂ ಕಾಲಿಗೆ ಆಗದು. ಮದ್ಯ ಉಸಿರಿಗೂ ಆಗದು.

ಕಾಲಿನ ತೊಂದರೆಗೆ ಕೊಡುವ ಔಷಧಿಯ ವಿಷಯದಲ್ಲಿ ಇತ್ತೀಚೆಗೆ ಒಂದು ದೊಡ್ಡ ಬದಲಾವಣೆ ಆಗಿದೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳನ್ನು ಮೊದಲು ಧಾರಾಳವಾಗಿ ಕೊಡುತ್ತಿದ್ದರು. ಆರಂಭದಲ್ಲಿ ಜಾದುವಿನಂತೆ ಕೆಲಸ ಮಾಡುತ್ತವೆ. ವರ್ಷಗಳು ಕಳೆದಂತೆ ಹಲವರಲ್ಲಿ ರೋಗವನ್ನೇ ಬಲಪಡಿಸುತ್ತವೆ: ರಾತ್ರಿ ಹತ್ತಕ್ಕೆ ಬರುತ್ತಿದ್ದದ್ದು ಮಧ್ಯಾಹ್ನವೇ ಬರುತ್ತದೆ, ತೋಳಿಗೂ ಹಬ್ಬುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರಲ್ಲಿ ಹೊರತಂದ ಮಾರ್ಗಸೂಚಿ ಇವುಗಳನ್ನು ವಾಡಿಕೆಯಾಗಿ ಕೊಡುವುದು ಬೇಡವೆಂದು ಸೂಚಿಸಿ, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ವರ್ಗದ ಔಷಧಿಗಳನ್ನು ಮುಂದಿಟ್ಟಿತು. ಇವೂ ಮಂಪರು ತರುತ್ತವೆ, ಕೆಲವರಲ್ಲಿ ಉಸಿರನ್ನು ತಗ್ಗಿಸುತ್ತವೆ. ನಿಮಗೆ ಆಪ್ನಿಯಾ ಇದೆ, ಮಾಸ್ಕ್ ಸರಿಯಾಗಿ ಹಾಕುತ್ತಿಲ್ಲ ಎಂಬ ಎರಡನ್ನೂ ವೈದ್ಯರಿಗೆ ಬಾಯಿಬಿಟ್ಟು ಹೇಳಲೇಬೇಕು.

ಯಂತ್ರದ ಕಡೆ ಬರೋಣ. ಒತ್ತಡ ನಿಧಾನವಾಗಿ ಏರುವಂತೆ ರಾಂಪ್ ಎಂಬ ವ್ಯವಸ್ಥೆ ಇರುತ್ತದೆ. ನನ್ನದನ್ನು 20 ನಿಮಿಷಕ್ಕೆ ಇಟ್ಟಿದ್ದರು. ಕಾಲಿನೊಂದಿಗೆ ಗುದ್ದಾಡುತ್ತಾ ನಾನು ಅಷ್ಟು ಹೊತ್ತಾದರೂ ಎಚ್ಚರವಾಗಿಯೇ ಇರುತ್ತಿದ್ದೆ. ಪೂರ್ತಿ ಒತ್ತಡ ಎಚ್ಚರದಲ್ಲೇ ಮುಖಕ್ಕೆ ಬಡಿಯುತ್ತಿತ್ತು. ನಿದ್ದೆ ಬಂದದ್ದನ್ನು ಗುರುತಿಸಿ ಆಮೇಲೆ ಏರಿಸುವ ಆಟೊ ರಾಂಪ್ ಹಲವು ಯಂತ್ರಗಳಲ್ಲಿದೆ, ಅದನ್ನು ಹಾಕಿಸಿಕೊಂಡೆ. ಕೆಲವರಿಗೆ ಇದರ ತದ್ವಿರುದ್ಧ: ಆರಂಭದ ಒತ್ತಡ ತೀರಾ ಕಡಿಮೆ, ಅಂದರೆ 4 ಇದ್ದರೆ ಗಾಳಿಯೇ ಸಾಲದು ಅನಿಸುತ್ತದೆ. ಅದನ್ನು ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ.

ಸೋರಿದರೆ ಪಟ್ಟಿ ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಮೆತ್ತೆ ಸುಕ್ಕುಗಟ್ಟಿ ಇನ್ನೂ ಸೋರುತ್ತದೆ. ಗಾಳಿ ಬರುತ್ತಿರುವಾಗಲೇ, ಮಲಗಿದ ಭಂಗಿಯಲ್ಲೇ ಮಾಸ್ಕನ್ನು ಮುಖದಿಂದ ತುಸು ಎತ್ತಿ ಮತ್ತೆ ಕೂರಿಸಿ. ಮೆತ್ತೆ ಉಬ್ಬಿ ತಾನೇ ಜಾಗ ಹಿಡಿಯುತ್ತದೆ. ಕೊಳವೆಯನ್ನು ತಲೆಯ ಮೇಲಿನಿಂದ ಇಳಿಬಿಟ್ಟರೆ ಎಷ್ಟು ಹೊರಳಿದರೂ ಕುತ್ತಿಗೆಗೆ ಬರುವುದಿಲ್ಲ.

ಮಾಸ್ಕ್ ಹಾಕಿಕೊಂಡು ಕೂರುವ ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಸಂಜೆ ಮಾಡಿ ಸೋತೆ, ಯಾಕೆಂದರೆ ಸಂಜೆಯೇ ಕಾಲಿನ ಹೊತ್ತು. ಬೆಳಗ್ಗೆ ಕಾಲು ತಣ್ಣಗಿರುತ್ತದೆ. ಪತ್ರಿಕೆ ಓದುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿ ಕೂತೆ. ಹತ್ತು ದಿನದಲ್ಲಿ ಭಯ ಹೋಯಿತು.

ಎಲ್ಲಕ್ಕಿಂತ ನನಗೆ ಒದಗಿಬಂದದ್ದು ಮಾಸ್ಕಿಗೂ ಕೊಳವೆಗೂ ನಡುವಿನ ಚಿಕ್ಕ ಕೀಲು. ಹಲವು ಮಾಸ್ಕುಗಳಲ್ಲಿ ಅದನ್ನು ಒತ್ತಿದರೆ ಕೊಳವೆ ಕಳಚಿಕೊಳ್ಳುತ್ತದೆ, ಮಾಸ್ಕ್ ಮುಖದ ಮೇಲೇ ಉಳಿಯುತ್ತದೆ. ಕಾಲು ಕರೆದಾಗ ಒತ್ತುತ್ತೇನೆ, ಯಂತ್ರ ನಿಲ್ಲಿಸುತ್ತೇನೆ, ಹಜಾರದಲ್ಲಿ ನಾಲ್ಕು ಸುತ್ತು ಹಾಕುತ್ತೇನೆ, ಮೀನಖಂಡ ಚಾಚುತ್ತೇನೆ. ಬಂದು ಸಿಕ್ಕಿಸಿದರೆ ರಾಂಪ್ ಮೊದಲಿಂದ ಶುರು. ಒಮ್ಮೆ ನೀರು ಕುಡಿಯಲು ಎದ್ದ ಮೊಮ್ಮಗಳು ಕತ್ತಲಲ್ಲಿ ನನ್ನನ್ನು ನೋಡಿ ಕೇಳಿದಳು, ‘ತಾತಾ, ನಿನ್ನ ಸೊಂಡಿಲು ಎಲ್ಲಿ?’

ವಾರಕ್ಕೆ ಒಂದೆರಡು ರಾತ್ರಿ ಆ ಸುತ್ತು ಈಗಲೂ ಇದೆ. ಮೊನ್ನೆ ದಾಖಲೆ ತೆಗೆಸಿದಾಗ ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ ಐದು ಗಂಟೆ ನಲವತ್ತು ನಿಮಿಷ ತೋರಿಸಿತು. ಫೆರಿಟಿನ್ ಮತ್ತೆ ನೋಡಬೇಕು, ಮುಂದಿನ ತಿಂಗಳು ರಕ್ತ ಕೊಡಲು ಬರಹೇಳಿದ್ದಾರೆ.

ನಮಸ್ಕಾರ.